ಸ್ಟೇರಿಂಗ್ ತಿರುಗಿಸದ ರುಗಾಯ

ಗೆರಿಕ್ ಪಟ್ಟಣ ಬಿಟ್ಟು ಘಟ್ಟ ಹತ್ತಿ ಜೆಲಿಗೆ ಇಳಿಯುವ ಹೆದ್ದಾರಿಯಲ್ಲಿ ರುಗಾಯ ಹತ್ತೊಂಬತ್ತು ವರ್ಷದಿಂದ ಬಸ್ಸು ಓಡಿಸುತ್ತಿದ್ದಳು. ಆನೆ ಕಂಡರೆ ದೂರದಲ್ಲೇ ನಿಲ್ಲಬೇಕು, ಹಾರ್ನ್ ಹೊಡೆಯಬಾರದು, ದೀಪ ತಗ್ಗಿಸಬೇಕು, ಅದು ದಾಟಿದ ಮೇಲೂ ಹಿಂದೆ ಮರಿ ಇದ್ದೀತೆಂದು ಒಂದು ಗಳಿಗೆ ಕಾಯಬೇಕು. ಇದೆಲ್ಲ ಅವಳಿಗೆ ನಮಾಜಿನಷ್ಟೇ ರೂಢಿಯಾಗಿತ್ತು. ಆದರೆ ಅದೇ ಕಾಡಿನ ತೆನುಕ್ ಆನೆಯಲ್ಲ. ಮೋಟು ಸೊಂಡಿಲಿನ, ಎಮ್ಮೆಯಷ್ಟು ತೂಕದ ಆ ಪ್ರಾಣಿಯ ಮೈ ಮುಂದೆ ಕಪ್ಪು, ನಡುವೆ ಬಿಳಿ. ಮಂಜು ಕವಿದ ಬೆಳಗಿನಲ್ಲಿ ಬಿಳಿ ಮಂಜಾಗಿಬಿಡುತ್ತದೆ, ಕಪ್ಪು ಡಾಂಬರಾಗಿಬಿಡುತ್ತದೆ.

ಆ ಬುಧವಾರ ಬೆಳಗಿನ ಬಸ್ಸಿನಲ್ಲಿ ಮೂವತ್ತಮೂರು ಜನರಿದ್ದರು. ಸೇತುವೆ ದಾಟಿ ಎರಡನೇ ಇಳಿಜಾರಿನ ತಿರುವು ಮುಗಿಯುವಷ್ಟರಲ್ಲಿ ರಸ್ತೆಯ ನಡುವೆ ಏನೋ ಕದಲಿತು. ಎಡಕ್ಕೆ ಕಂದಕ, ಬಲಕ್ಕೆ ಮಂಜಿನೊಳಗಿಂದ ಎದುರಿಗೆ ಬರುತ್ತಿದ್ದ ಮರದ ದಿಮ್ಮಿ ಹೇರಿದ ಲಾರಿಯ ಎರಡು ದೀಪ. ರುಗಾಯಳ ಕೈ ಸ್ಟೇರಿಂಗನ್ನು ತಿರುಗಿಸಲು ಹಾತೊರೆಯಿತು. ಅವಳು ಬಿಡಲಿಲ್ಲ. ಎರಡೂ ಮೊಣಕೈ ಬಿಗಿಹಿಡಿದು, ಬ್ರೇಕಿನ ಮೇಲೆ ಇಡೀ ಮೈಭಾರ ಹಾಕಿ, "ಮುಂದಿನ ಸೀಟು ಹಿಡ್ಕೊಳ್ಳಿ" ಎಂದು ಕೂಗಿದಳು. ಬಸ್ಸು ನೆಟ್ಟಗೆ ಹೋಗಿ ಗುದ್ದಿತು.

ಗಾಜು ಬಿರುಕುಬಿಟ್ಟಿತು. ಒಬ್ಬ ಮುದುಕನ ಹಲ್ಲು ಮುರಿಯಿತು, ಕಾಲೇಜು ಹುಡುಗಿಯೊಬ್ಬಳ ಮಣಿಕಟ್ಟು ಉಳುಕಿತು, ಯಾರದೋ ಬುತ್ತಿಯ, ಶಂಖಪುಷ್ಪ ಹಾಕಿ ಬೇಯಿಸಿದ ನೀಲಿ ಅನ್ನ ಸೀಟುಗಳ ನಡುವಿನ ಹಾದಿಯುದ್ದಕ್ಕೂ ಚೆಲ್ಲಿತು. ಅಷ್ಟೇ. ತೆನುಕ್ ಮಾತ್ರ ಎರಡು ಸಲ ಕಾಲು ಝಾಡಿಸಿ ಸುಮ್ಮನಾಯಿತು.

ರುಗಾಯ ಇಳಿದು ಮೊದಲು ಅದರ ಹತ್ತಿರ ಹೋಗಲಿಲ್ಲ. ಟಾರ್ಚ್ ಹಿಡಿದು, ತ್ರಿಕೋನ ಫಲಕ ಎತ್ತಿಕೊಂಡು, ಬಂದ ದಾರಿಯಲ್ಲೇ ತಿರುವಿನ ಆಚೆಗೆ ನೂರೈವತ್ತು ಹೆಜ್ಜೆ ಓಡಿದಳು. ಹಿಂದೆ ಬರುವ ಗಾಡಿ ನಿಂತ ಬಸ್ಸಿಗೆ ಗುದ್ದಿದರೆ ಮೊದಲಿನದಕ್ಕಿಂತ ದೊಡ್ಡ ಅನಾಹುತ. ಮೂರು ಕಾರು ನಿಂತ ಮೇಲೆ ವಾಪಸು ಬಂದು ತೆನುಕಿನ ಪಕ್ಕ ಕೂತಳು. ಹೆಣ್ಣು ಪ್ರಾಣಿ. ಕಿವಿಯ ತುದಿಯಲ್ಲಿ ಬಿಳಿ ಅಂಚು, ಯಾರೋ ಕೂತು ಹೊಲಿದ ಹಾಗೆ. ಅವಳು ಆ ಕಿವಿಯ ಮೇಲೆ ಕೈಯಿಟ್ಟಳು. ಯಾವನೋ ಪ್ರಯಾಣಿಕ ಫೋನಿನಲ್ಲಿ ಅದನ್ನೆಲ್ಲ ತೆಗೆಯುತ್ತಿದ್ದ.

ಮಧ್ಯಾಹ್ನದೊಳಗೆ ವೀಡಿಯೊ ಊರೆಲ್ಲ ಸುತ್ತಿತ್ತು. "ಸ್ಟೇರಿಂಗ್ ಒಂದಿಂಚೂ ತಿರುಗಿಸಲಿಲ್ಲ, ಕಲ್ಲೆದೆಯ ಹೆಂಗಸು" ಎಂದು ಯಾರೋ ಬರೆದಿದ್ದರು. ಮರುದಿನ ಅವಳು ಜೆಲಿಯ ಚಹಾದಂಗಡಿಗೆ ಹೋದರೆ ಎಲ್ಲರೂ ತಿರುಗಿ ನೋಡಿದರು. ಅದೇ ಕಂಪನಿಯ ಇನ್ನೊಬ್ಬ ಡ್ರೈವರ್ ದೆರಾಮನ್, ಗುಂಡುಮುಖದವನು, ಬಾಯಿ ಸುಮ್ಮನಿರದವನು, ಗ್ಲಾಸು ತಿರುಗಿಸುತ್ತಾ ಹೇಳಿದ:

"ಅಕ್ಕಾ, ಆ ಸ್ಟೇರಿಂಗನ್ನ ಕಂಪನಿಯವರು ನಿಂಗೆ ಅಲಂಕಾರಕ್ಕೆ ಕೊಟ್ಟಿದ್ರಾ?"

"ನಿಮ್ಮತ್ತೆ ಏಳನೇ ಸೀಟಲ್ಲಿ ಕೂತಿದ್ಲು," ಎಂದಳು ರುಗಾಯ. "ನಾನು ಎಡಕ್ಕೆ ತಿರುಗಿಸಿದ್ರೆ ನೀನಿವತ್ತು ಹಗ್ಗ ಕಟ್ಕೊಂಡು ಕಂದಕ ಇಳೀತಿದ್ದೆ. ಇಲ್ಲಾ, ಖುಷಿಯಾಗಿ ಮನೇಲೇ ಇರ್ತಿದ್ದೆಯೋ ಏನೋ, ನಂಗೊತ್ತಿಲ್ಲ."

ಅಂಗಡಿ ನಕ್ಕಿತು. ದೆರಾಮನ್ ಕೂಡ ನಕ್ಕ. ಆಮೇಲೆ ಮೆಲ್ಲಗೆ ಕೇಳಿದ, "ಎಷ್ಟು ಸ್ಪೀಡಲ್ಲಿದ್ದೆ?"

"ಅರವತ್ತೆಂಟು."

ಆ ತಿರುವಿಗೆ ಮುಂಚೆ ಪ್ರಾಣಿ ದಾಟುವ ಜಾಗವೆಂಬ ಹಳದಿ ಫಲಕವಿದೆ, ನಲವತ್ತೆಂದು ಬರೆದಿದೆ. ಅಂಗಡಿಯಲ್ಲಿದ್ದ ಪ್ರತಿಯೊಬ್ಬ ಡ್ರೈವರೂ ಅಲ್ಲಿ ಅರವತ್ತೆಂಟರಲ್ಲೇ ಹೋಗುತ್ತಿದ್ದ.

ಶುಕ್ರವಾರ ಡಿಪೋ ವ್ಯವಸ್ಥಾಪಕ ಲತಿಪ್ ಅವಳನ್ನು ಕರೆಸಿದ. ಕೆಟ್ಟ ಮನುಷ್ಯನಲ್ಲ, ಮೇಲಿನವರ ಫೋನಿಗೆ ಬೆವರುವ ಮನುಷ್ಯ. ಟೈಪು ಮಾಡಿಸಿದ ಒಂದು ಹಾಳೆ ಮುಂದಿಟ್ಟ.

"ಸಹಿ ಹಾಕಿಬಿಡಿ. ನನ್ನ ಅಜಾಗರೂಕತೆಯಿಂದ ಹೀಗಾಯ್ತು ಅಂತಷ್ಟೇ ಇದೆ. ಎರಡು ವಾರ ಮನೇಲಿರಿ, ಜನ ಮರೀತಾರೆ."

ರುಗಾಯ ನಿಧಾನವಾಗಿ ಓದಿದಳು. "ಇದ್ರಲ್ಲಿ ಎರಡು ಸಾಲು ಬಿಟ್ಟುಹೋಗಿದೆ."

"ಯಾವುದು?"

"ನಾನು ಅರವತ್ತೆಂಟರಲ್ಲಿದ್ದೆ ಅಂತ ಒಂದು. ಅದು ನನ್ನ ತಪ್ಪು, ಬರೀರಿ. ಘಟ್ಟ ಒಂದೂಮುಕ್ಕಾಲು ಗಂಟೇಲಿ ದಾಟ್ಬೇಕು ಅಂತ ಹೊರಗಡೆ ಬೋರ್ಡಲ್ಲಿ ಬರೆದೋರು ನೀವು ಅಂತ ಇನ್ನೊಂದು. ಫಲಕದ ಜಾಗದಲ್ಲೆಲ್ಲ ನಲವತ್ತರಲ್ಲಿ ಹೋದ್ರೆ ಆ ಹೊತ್ತಿಗೆ ಯಾವ ಗಾಡೀನೂ ಮುಟ್ಟಲ್ಲ. ನೀವೇ ಓಡಿಸಿ ನೋಡಿ."

"ಎಲ್ಲಾರೂ ಮುಟ್ತಾ ಇಲ್ವಾ?"

"ಎಲ್ಲಾರೂ ಅರವತ್ತೆಂಟರಲ್ಲಿ ಮುಟ್ತಾ ಇದೀವಿ, ಸಾರ್."

ಲತಿಪ್ ಹಣೆ ಒರೆಸಿಕೊಂಡ. "ರುಗಾಯ, ನೀವೊಬ್ರು ಹೆಂಗಸು, ಇಷ್ಟು ವರ್ಷ ಮರ್ಯಾದೆಯಿಂದ ಇದ್ದೀರಿ. ಯಾಕೆ ಹಟ?"

"ಮರ್ಯಾದೆ ಇರೋದಕ್ಕೇ ಹಟ," ಎಂದು ಹಾಳೆಯನ್ನು ಅವನ ಕಡೆಗೇ ಸರಿಸಿ ಎದ್ದಳು.

ವನ್ಯಜೀವಿ ಇಲಾಖೆಯ ವಿಚಾರಣೆ ಮುಂದಿನ ವಾರ ನಡೆಯಿತು. ಕಂಪನಿಯ ವಕೀಲ ತಿರುತಿರುಗಿ ಕೇಳಿದ: ಪ್ರಾಣಿಯನ್ನು ಉಳಿಸಲು ಯತ್ನ ಮಾಡಲೇ ಇಲ್ಲವೇ? ರುಗಾಯ ನಿಂತೇ ಉತ್ತರ ಕೊಟ್ಟಳು. ಕೊನೆಗಳಿಗೆಯಲ್ಲಿ ತಿರುಗಿಸುವುದು ಪ್ರಾಣಿಯನ್ನು ಉಳಿಸುವ ದಾರಿಯಲ್ಲ, ಎಲ್ಲರನ್ನೂ ಕೊಲ್ಲುವ ದಾರಿ. ನೆಟ್ಟಗೆ ಹಿಡಿದು ಬ್ರೇಕ್ ಹಾಕಬೇಕು, ಮತ್ತೆ ಇಂಥ ದಿನ ಬಂದರೆ ಮತ್ತೆ ಹಾಗೇ ಮಾಡುತ್ತೇನೆ. "ಉಳಿಸೋದು ಮೊದಲೇ ಇತ್ತು," ಎಂದಳು. "ತಿರುವಿಗೆ ಮುಂಚೆ. ನಲವತ್ತರಲ್ಲಿದ್ದಿದ್ರೆ ಅದು ದಾಟ್ಕೊಂಡು ಹೋಗ್ತಿತ್ತು. ಅದನ್ನ ಕೊಂದವರಲ್ಲಿ ನಾನೂ ಒಬ್ಳು. ಆದ್ರೆ ನಾನೊಬ್ಳೇ ಅಲ್ಲ." ಹೇಳಿ ಬೋರ್ಡಿನ ಫೋಟೋವನ್ನು ಅಧಿಕಾರಿಯ ಮೇಜಿನ ಮೇಲಿಟ್ಟಳು. ಅಧಿಕಾರಿ ಅದನ್ನು ತುಂಬಾ ಹೊತ್ತು ನೋಡಿ ಕಡತದೊಳಗೆ ಸೇರಿಸಿದ.

ಅದಾದ ಸೋಮವಾರ ಅವಳು ಕೆಲಸಕ್ಕೆ ಹಾಜರಾದಳು. ಯಾರೂ ಬೇಡವೆನ್ನಲಿಲ್ಲ, ಏಕೆಂದರೆ ಬೇಡವೆಂದು ಬರೆದುಕೊಡಲು ಯಾರಿಗೂ ಧೈರ್ಯವಿರಲಿಲ್ಲ. ಮೊದಲ ಹಳದಿ ಫಲಕ ಬಂದದ್ದೇ ಸ್ಪೀಡಿನ ಮುಳ್ಳು ನಲವತ್ತಕ್ಕಿಳಿಯಿತು. ಹಿಂದೆ ಸಾಲುಗಟ್ಟಿದ ಕಾರುಗಳು ಕಿರುಚಿದವು. ಮುಂದಿನ ಸೀಟಿನ ವ್ಯಾಪಾರಿಯೊಬ್ಬ ಗೊಣಗಿದ, "ಇದಕ್ಕಿಂತ ನಡ್ಕೊಂಡು ಹೋಗ್ಬಹುದಿತ್ತು."

"ಬಾಗಿಲು ತೆಗೀಲಾ?" ಎಂದಳು. ಅವನು ಕಾಡಿನ ಕಡೆ ನೋಡಿ ಸೀಟಿಗೆ ಒರಗಿದ.

ಜೆಲಿಗೆ ಮೂವತ್ತೈದು ನಿಮಿಷ ತಡ. ಲತಿಪನ ಫೋನು ಬಂತು. ಎರಡನೇ ದಿನವೂ ತಡ, ಎಚ್ಚರಿಕೆಯ ಪತ್ರ ಬಂತು. ಮೂರನೇ ದಿನ ಇನ್ನೊಂದು ಪತ್ರ. ನಾಲ್ಕನೇ ದಿನ ದೆರಾಮನ್ ಕೂಡ ಅರ್ಧ ಗಂಟೆ ತಡವಾಗಿ ಬಂದ. ಕೇಳಿದರೆ, "ಅಕ್ಕ ಮುಂದೆ ಇದ್ಲು, ಸಾರ್. ಘಟ್ಟದಲ್ಲಿ ಹಿಂದೆ ಹಾಕೋಕೆ ಜಾಗ ಎಲ್ಲಿದೆ?" ಎಂದ. ಆ ದಿನ ಅವನ ಬಸ್ಸು ಅವಳದ್ದಕ್ಕಿಂತ ಒಂದು ಗಂಟೆ ಮೊದಲು ಹೊರಟಿತ್ತು. ತಿಂಗಳು ತುಂಬುವಷ್ಟರಲ್ಲಿ ಕಂಪನಿಯ ಆರು ಬಸ್ಸುಗಳೂ ತಡವಾಗತೊಡಗಿದವು. ಜನರು ಬೋರ್ಡು ನೋಡುವುದನ್ನು ಬಿಟ್ಟು, "ರುಗಾಯಕ್ಕನ ಟೈಮಿಗೆ ಬಾ" ಎಂದು ಫೋನಿನಲ್ಲಿ ಹೇಳಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಬೋರ್ಡಿನ ಮೇಲೆ ಹೊಸ ಬಣ್ಣ ಬಳಿದಿತ್ತು. ಘಟ್ಟ ದಾಟಲು ಎರಡೂಕಾಲು ಗಂಟೆ. ಯಾಕೆಂದು ಯಾರೂ ಹೇಳಲಿಲ್ಲ. ಅದೇ ದಿನ ಘಟ್ಟದ ಡ್ರೈವರುಗಳ ಪಟ್ಟಿಯಿಂದ ರುಗಾಯಳ ಹೆಸರು ತೆಗೆದಿದ್ದರು. ಅವಳೀಗ ಬದಲಿ ಡ್ರೈವರ್. ಯಾರಾದರೂ ರಜೆ ಹಾಕಿದರೆ ಮಾತ್ರ ಗಾಡಿ, ಇಲ್ಲವಾದರೆ ಡಿಪೋದ ಬೆಂಚು.

ಬೆಂಚಿನ ಮೇಲೆ ಅವಳು ಕೂತದ್ದು ಎರಡೇ ದಿನ. ಮೂರನೇ ದಿನ ಬೆಳಿಗ್ಗೆ ದೆರಾಮನ್ ಫೋನು ಮಾಡಿ, ಗಂಟೆಯಂಥ ಗಂಟಲಿನಲ್ಲಿ, ತನಗೆ ಹೊಟ್ಟೆನೋವೆಂದ. ಮರುದಿನ ಇನ್ನೊಬ್ಬನಿಗೆ ಬೆನ್ನು ಹಿಡಿಯಿತು. ಅದರ ಮರುದಿನ ಮತ್ತೊಬ್ಬನ ಹೆಂಡತಿಯ ಚಿಕ್ಕಮ್ಮನಿಗೆ ಜ್ವರ. ಲತಿಪ್ ಕಿಟಕಿಯಿಂದ ನೋಡಿದರೆ, ಹೊಟ್ಟೆನೋವಿನವನು ಎದುರಿನ ಅಂಗಡಿಯಲ್ಲಿ ರೊಟ್ಟಿ ತಿನ್ನುತ್ತಾ ಕೈ ಬೀಸುತ್ತಿದ್ದ.

"ನೀವೇ ಹೇಳಿಕೊಟ್ಟಿದ್ದಾ?" ಎಂದು ಕೇಳಿದ ಲತಿಪ್, ಕೀ ಕೊಡುತ್ತಾ.

"ನಾನ್ಯಾಕೆ ಹೇಳ್ಕೊಡ್ಲಿ? ಬಾಯಿದೆ ಅವ್ರಿಗೆ."

ಅವಳು ಸೀಟನ್ನು ತನ್ನ ಎತ್ತರಕ್ಕೆ ಸರಿಮಾಡಿಕೊಂಡು, ಹೊಸ ಗಾಜನ್ನು ಬಟ್ಟೆಯಿಂದ ಒರೆಸಿ, ಗಾಡಿ ಹೊರಡಿಸಿದಳು. ಘಟ್ಟದ ಬುಡದ ಹಳದಿ ಫಲಕದ ಹತ್ತಿರ ಬೆಳ್ಳಗಿನ ದೊಡ್ಡ ಕಾರೊಂದು ಹಿಂದೆ ಅಂಟಿಕೊಂಡು ಹಾರ್ನ್ ಹೊಡೆಯತೊಡಗಿತು. ರುಗಾಯ ರಸ್ತೆಯ ಮೇಲಿನ ಕಣ್ಣು ಕದಲಿಸಲಿಲ್ಲ. ಅಷ್ಟೂ ದೂರ ಅದು ಹೊಡೆಯುತ್ತಲೇ ಬಂತು, ಅವಳು ನಲವತ್ತರಲ್ಲೇ ಹೋದಳು.