ಏಳನೇ ನಂಬರಿನ ಕ್ಲಾರಿನೆಟ್

ಮಗಳು ದಾರ ಕಟ್ಟಿದ ಬಟ್ಟೆಯನ್ನು ಕ್ಲಾರಿನೆಟ್ಟಿನ ಕೊಳವೆಯೊಳಗೆ ಇಳಿಬಿಟ್ಟು, ಆ ತುದಿಯಿಂದ ನಿಧಾನವಾಗಿ ಎಳೆದಳು. ಬಟ್ಟೆಗೆ ಅಂಟಿಕೊಂಡು ಬಂದದ್ದು ಬರೀ ಧೂಳು. ದಿನಾ ನುಡಿಸುವ ವಾದ್ಯವಾಗಿದ್ದರೆ ಉಸಿರಿನ ತೇವ ಬರಬೇಕಿತ್ತು. ಎದುರಿಗೆ ಕೂತ ಅಪ್ಪ ವಾದ್ಯದ ಬಾಯಿಗೆ ಕಟ್ಟುವ ರೀಡಿನ ತೆಳು ಪಟ್ಟಿಯನ್ನು ಲೋಟದ ನೀರಿನಲ್ಲಿ ನೆನೆಹಾಕಿ, ಅದು ತೇಲುವುದನ್ನೇ ನೋಡುತ್ತಿದ್ದ.

ಅಪ್ಪ ಕ್ಲಾರಿನೆಟ್ ಊದದೆ ಏಳು ತಿಂಗಳಾಗಿತ್ತು. ಅದಕ್ಕೂ ಮುಂಚೆ ಹನ್ನೆರಡು ವರ್ಷ ಅವನು ದೊಡ್ಡ ಹೋಟೆಲೊಂದರ ಬ್ಯಾಂಡಿನಲ್ಲಿದ್ದ. ಬ್ಯಾಂಡಿನಲ್ಲಿ ಕಪ್ಪು ಜನಾಂಗದವನು ಅವನೊಬ್ಬನೇ. ಅವನ ಕುರ್ಚಿ ಕಂಬದ ಹಿಂದೆ. ಒಂದು ಸಂಜೆ ಎದ್ದು ಬಂದು ಮೈಕು ಹಿಡಿದು, "ಹನ್ನೆರಡು ವರ್ಷದಿಂದ ನಿಮ್ಮ ತಟ್ಟೆಗೆ ನನ್ನ ಉಸಿರು ಬಡಿಸ್ತಿದೀನಿ. ಒಂದ್ಸಲ ಬಡಿಸೋನ ಮುಖಾನೂ ನೋಡಿ" ಅಂದುಬಿಟ್ಟ. ಮಾರನೆಯ ದಿನದಿಂದ ಕೆಲಸವಿಲ್ಲ. ರೇಡಿಯೋದವರು ಕರೆಸಿ ಕೇಳಿದರು. ಅಲ್ಲಿಯೂ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಆಡಿ ಬಂದ. ಅವನ ದನಿ ಊರಿಗೆಲ್ಲ ಗೊತ್ತಾಯಿತು, ಕ್ಲಾರಿನೆಟ್ ಪೆಟ್ಟಿಗೆ ಸೇರಿತು.

ಮಗಳು ಶಾಲೆ ಬಿಟ್ಟು ಲಾಂಡ್ರಿಯಲ್ಲಿ ಇಸ್ತ್ರಿ ಮಾಡಲು ನಿಂತದ್ದು ಅದಕ್ಕೂ ಹಿಂದೆ, ಅಮ್ಮ ತೀರಿಕೊಂಡ ವರ್ಷ. ಆ ದುಃಖ ಹಳತಾಗಿತ್ತು. ಬೆಳಿಗ್ಗೆ ಹಾಲು ಕಾಯಲಿಟ್ಟ ಹೊತ್ತಿಗೆ ಅಪ್ಪ ಊದುತ್ತಿದ್ದ ಆ ಒಂದು ಉದ್ದ ಸ್ವರ ಇಲ್ಲದ್ದು ಮಾತ್ರ ಹಳತಾಗಿರಲಿಲ್ಲ. ಈಗಲೂ ಹಾಲು ಉಕ್ಕುವ ಮುಂಚೆ ಅವಳ ಕಿವಿ ತಾನಾಗಿ ನಿಮಿರುತ್ತಿತ್ತು. ಏನೂ ಕೇಳಿಸದೆ ಒಲೆ ಆರಿಸುತ್ತಿದ್ದಳು.

ಸಂಗೀತ ಭವನದ ವಾದ್ಯವೃಂದಕ್ಕೆ ಒಬ್ಬ ಕ್ಲಾರಿನೆಟ್ ವಾದಕ ಬೇಕೆಂದು ಪತ್ರಿಕೆಯಲ್ಲಿ ಅವಳೇ ಓದಿ, ಅವಳೇ ಅರ್ಜಿ ಹಾಕಿದ್ದಳು. ಅಲ್ಲಿನ ಪರೀಕ್ಷೆಗೆ ಹೊಸ ಕ್ರಮ. ತೀರ್ಪುಗಾರರಿಗೂ ವಾದಕನಿಗೂ ನಡುವೆ ದಪ್ಪ ಪರದೆ. ಹೆಸರಿಲ್ಲ, ನಂಬರು. ಹೆಜ್ಜೆ ಸದ್ದಿನಿಂದ ಗಂಡೋ ಹೆಣ್ಣೋ ತಿಳಿಯದಿರಲೆಂದು ನೆಲಕ್ಕೆ ಕಂಬಳಿ. ಸ್ವರ ಬರೆದ ಪುಟ ತಿರುವಲು ಒಬ್ಬರು ಜೊತೆಗೆ ಬರಬಹುದು. ಒಂದು ಮಾತಾಡಿದರೂ ಹೊರಗೆ.

"ಹತ್ತೇ ನಿಮಿಷ ಬಾಯಿ ಮುಚ್ಕೊಂಡಿರಪ್ಪಾ, ಸಾಕು."

"ಊದೋವಾಗ ಹೇಗೂ ಮುಚ್ಚೇ ಇರುತ್ತಲ್ಲೇ."

"ತಮಾಷೆ ಬೇಡ. ಊದಿದ ಮೇಲೆ."

"ಆಯ್ತು ಮಾರಾಯ್ತಿ. ಬಾಯಿ ಬಿಡೋ ಹಾಗೆ ಕಂಡ್ರೆ ತೋಳು ಜಗ್ಗು."

ಭವನದ ಕಾಯುವ ಕೋಣೆಯಲ್ಲಿ ಬಿಳಿ ಮೈಬಣ್ಣದ ಇನ್ನೊಬ್ಬ ವಾದಕ ಅಪ್ಪನನ್ನು ಕಂಡವನೇ, "ಕುರ್ಚಿ ಹಾಕೋರಾ ನೀವು? ಈ ಕಡೆ ಎರಡು ಕಮ್ಮಿ ಇದೆ ನೋಡಿ" ಅಂದ.

"ಹಾಕೋಣ ಸ್ವಾಮಿ. ಮೊದಲು ಒಳಗೆ ನನಗೊಂದು ಹಾಕ್ಕೊಂಡು ಬರ್ತೀನಿ."

ಆತನ ಮುಖ ಕೆಂಪಾಯಿತು. ತಪ್ಪಾಯಿತೆಂದು ಎರಡು ಸಲ ಹೇಳಿದ. ಮಗಳು ಆಗಲೇ ತೋಳು ಜಗ್ಗಿದ್ದಳು. ಅಪ್ಪ ಅವಳ ಕಿವಿಯ ಹತ್ತಿರ ಬಗ್ಗಿದ.

"ಕೆಟ್ಟವನಲ್ಲ ಬಿಡು ಅವನು. ಮನುಷ್ಯ ಸೋಮಾರಿ ಕಣಮ್ಮ. ಕೇಳೋಕೆ ಹೊತ್ತು ಬೇಕು, ನೋಡೋಕೆ ಬೇಡ. ಕಣ್ಣು ತಟ್ಟಂತ ತೀರ್ಪು ಕೊಟ್ಟು ಹೋಗಿ ಮಲಗಿಬಿಡುತ್ತೆ. ಈ ಕ್ಲಾರಿನೆಟ್ ನೋಡು, ನನಗಿಂತ ಕಪ್ಪು. ಇದನ್ನ ಯಾರಾದ್ರೂ ಕಂಬದ ಹಿಂದೆ ಇಡು ಅಂತಾರಾ?"

"ಮೆತ್ತಗೆ ಅಪ್ಪಾ."

"ನಾನೇನು ಮಹಾ? ನೀನು ಹುಟ್ಟಿದಾಗ ಬಟ್ಟೆ ಸರಿಸಿ ಮೊದಲು ನೋಡಿದ್ದು ನಿನ್ನ ಬಣ್ಣ. ನನಗಿಂತ ಒಂದೆಳೆ ತಿಳಿ ಇದೀಯಾ ಅಂತ ಖುಷಿಪಟ್ಟೆ. ನಿನ್ನ ಅಳು ಹೇಗಿತ್ತು ಅಂತ ಕೇಳು, ನೆನಪಿಲ್ಲ. ಸಂಗೀತಗಾರನಂತೆ, ಥೂ."

ಅವಳು ತೋಳು ಹಿಡಿದ ಕೈಯನ್ನು ಬಿಡಲಿಲ್ಲ.

"ನಂಬರ್ ಏಳು" ಎಂದು ಕರೆದರು.

ಪರದೆ ಸೀಸದ ಬಣ್ಣದ್ದು, ನೆಲ ಮುಟ್ಟುವಷ್ಟು ಉದ್ದ. ಅಪ್ಪ ರೀಡನ್ನು ತುಟಿಗಿಟ್ಟು ಕಣ್ಣು ಮುಚ್ಚಿದ. ಮೊದಲು ಬಂದದ್ದು ಒಂದು ಉದ್ದ ಸ್ವರ. ಎಲ್ಲೋ ಹಾಲು ಉಕ್ಕುತ್ತಿದೆ ಅನ್ನಿಸಿ ಮಗಳು ಎರಡನೇ ಪುಟ ತಿರುವುವುದನ್ನೇ ಮರೆತಳು. ಅಪ್ಪ ನಿಲ್ಲಲಿಲ್ಲ. ನೋಡದೆ ನುಡಿಸಿದ. ಏಳು ತಿಂಗಳ ಬೆಳಗುಗಳನ್ನೆಲ್ಲ ಒಟ್ಟಿಗೆ ಊದಿ ತೀರಿಸುವವನ ಹಾಗೆ, ಕುತ್ತಿಗೆಯ ನರ ಉಬ್ಬಿ, ಕೊನೆಯ ಸ್ವರ ದಾರದಷ್ಟು ತೆಳುವಾಗಿ ಉಳಿಯುವವರೆಗೂ.

ಪರದೆಯ ಆ ಕಡೆ ಯಾರೋ ಕುರ್ಚಿ ಹಿಂದೆ ತಳ್ಳಿದರು.

"ಭೇಷ್! ಏಳನೇ ನಂಬರ್, ಇಷ್ಟು ವರ್ಷ ಎಲ್ಲಿ ಅಡಗಿದ್ರಿ?"

"ಉತ್ತರ ಕೊಟ್ಟುಬಿಟ್ಟಾರು ಕಣ್ರೀ, ನಿಯಮ ಇದೆ" ಎಂದಿತು ಇನ್ನೊಂದು ದನಿ. ನಗು ಕೇಳಿಸಿತು. "ಹೋಗಿ ಬನ್ನಿ. ನಾವು ಬೇರೆಯವರನ್ನ ಕೇಳೋದೇನೂ ಉಳಿದಿಲ್ಲ."

ಬಾಗಿಲ ಬಳಿಯ ಹೆಂಗಸು ನಗುತ್ತ ಹೊರಗೆ ಬರುವಂತೆ ಕೈ ಮಾಡಿದಳು. ಅಪ್ಪ ಕದಲಲಿಲ್ಲ. ಪರದೆಯನ್ನೇ ನೋಡುತ್ತಿದ್ದ. ಅವನ ತುಟಿ ಬಿಚ್ಚಿಕೊಂಡಿತು.

ಮಗಳ ಕೈ ಅವನ ತೋಳಿನವರೆಗೆ ಹೋಯಿತು. ಬಟ್ಟೆಯ ಮಡಿಕೆ ಬೆರಳಿಗೆ ಸಿಕ್ಕಿತ್ತು, ಬೆಳಿಗ್ಗೆ ತಾನೇ ಇಸ್ತ್ರಿ ಮಾಡಿದ ಮಡಿಕೆ. ಅವಳು ಜಗ್ಗಲಿಲ್ಲ. ಕ್ಲಾರಿನೆಟ್ಟಿನ ತುದಿಯಿಂದ ಉಸಿರಿನ ತೇವ ಒಂದು ಹನಿಯಾಗಿ ಕಂಬಳಿಯ ಮೇಲೆ ಬಿತ್ತು.

"ಸ್ವಾಮಿ," ಅಂದ ಅಪ್ಪ, ಊರಿಗೆಲ್ಲ ಗೊತ್ತಿದ್ದ ಆ ದನಿಯಲ್ಲಿ, "ಈ ಪರದೆ ಒಂಚೂರು ಸರಿಸ್ತೀರಾ?"

ಆ ಕಡೆ ನಗು ನಿಂತಿತು. ಪೆನ್ನೊಂದನ್ನು ಮೇಜಿನ ಮೇಲಿಟ್ಟ ಸದ್ದಾಯಿತು.