ಹೇಳಿದ್ದನ್ನು ಮಾಡುವ ಇಂಗ್ಲಿಷ್ ಕ್ಲಾಸು

ಹೈದರಾಬಾದಿನ ಅಮೀರ್‌ಪೇಟ್ ಮೆಟ್ರೋ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಚಂದ್ರಕಾಂತ ಸರ್ ಸ್ಪೋಕನ್ ಇಂಗ್ಲಿಷ್ ಕಲಿಸುತ್ತಿದ್ದರು. ಬೀದರ್, ಕಲಬುರಗಿ ಕಡೆಯಿಂದ ಬಂದವರಿಗೆ ಕನ್ನಡದಲ್ಲೇ ಪಾಠ. ಅವರದು ಒಂದೇ ನಿಯಮ: ವಾಕ್ಯ ಹೇಳಬೇಕು, ಹೇಳಿದ್ದನ್ನು ಆಗಲೇ ಮಾಡಬೇಕು.

“ಐ ಬಂದ್ರ ಆಮ್, ಹಿ, ಶಿ ಬಂದ್ರ ಈಸ್, ಉಳಿದವ್ರಿಗೆಲ್ಲ ಆರ್. ಕ್ರಿಯಾಪದದ ಬಾಲಕ್ಕ ಐಎನ್‌ಜಿ ಹಚ್ಚರಿ. ಈಗ ಮಾಡಾಕತ್ತಿದ್ದನ್ನಷ್ಟ ಹೇಳ್ರಿ, ಸುಳ್ಳು ಹೇಳಬ್ಯಾಡ್ರಿ,” ಎನ್ನುತ್ತಿದ್ದರು.

ಸುಳ್ಳಾಗಬಾರದೆಂದು ವಿದ್ಯಾರ್ಥಿನಿ ಗೋದಾವರಿ ‘ಐ ಆಮ್ ಸ್ವೀಪಿಂಗ್’ ಎನ್ನುತ್ತ ಕಸ ಗುಡಿಸುತ್ತಿದ್ದಳು. ಇನ್ನಿಬ್ಬರು ‘ವಿ ಆರ್ ಕ್ಲೀನಿಂಗ್’ ಎಂದು ಸರ್ ಮನೆಯ ಕೂಲರ್ ತಿಕ್ಕುತ್ತಿದ್ದರು. ಮನೆ ಪಕ್ಕದಲ್ಲೇ ಇತ್ತು, ಅನುಕೂಲ. ಸರ್ ಮಾತ್ರ ‘ಐ ಆಮ್ ಸಿಟ್ಟಿಂಗ್’ ಎಂದು ಕುರ್ಚಿಯಲ್ಲಿ ಕೂತು ತಮ್ಮ ವಾಕ್ಯಕ್ಕೆ ನಿಷ್ಠರಾಗಿರುತ್ತಿದ್ದರು. ವ್ಯಾಕರಣದಿಂದ ಇಷ್ಟು ಸುಖ ಉಂಡವರು ಹೈದರಾಬಾದಿನಲ್ಲಿ ಇನ್ನೊಬ್ಬರಿರಲಿಲ್ಲ.

ಕ್ಲಾಸಿನ ಕುಮುದಾಗೆ ಮಾತ್ರ ಸಂಕಟ. ದಿಲ್‌ಸುಖ್‌ನಗರದ ಹಲ್ಲಿನ ದವಾಖಾನೆಯೊಂದರಲ್ಲಿ ರಿಸೆಪ್ಶನ್ ಕೆಲಸಕ್ಕೆ ನಾಳೆಯೇ ಇಂಟರ್‌ವ್ಯೂ. ಅದು ಸಿಕ್ಕರೆ ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ನೋಡಿಕೊಂಡು ಉಣ್ಣುವುದು ತಪ್ಪುತ್ತಿತ್ತು. ಆದರೆ ತಿಂಗಳುಗಟ್ಟಲೆ ಬಂದರೂ ಅವಳ ಇಂಗ್ಲಿಷ್ ಸರ್ ಮನೆಯ ಪಾತ್ರೆ ತೊಳೆಯುತ್ತ ಹೇಳುವ ‘ಐ ಆಮ್ ವಾಷಿಂಗ್’ ದಾಟಿರಲಿಲ್ಲ.

“ಸರ್, ಮುಂದಿನ ಪಾಠ ಯಾವಾಗ್ರಿ?”

“ಇದು ಗಟ್ಟಿ ಆಗ್ಲಿ ತಡಿಯವ್ವಾ. ಭಾಂಡೆ ಇನ್ನೂ ಅದಾವು.”

ಕುಮುದಾಗೆ ಭಾಳ ರೇಗಿತು. ಸೋಪಿನ ಕೈ ವೇಲಿಗೆ ಒರೆಸಿಕೊಂಡು ಬಂದು, ಅವರೆದುರು ಕುರ್ಚಿ ಎಳೆದು ಕೂತಳು.

“ಐ ಆಮ್ ಸಿಟ್ಟಿಂಗ್. ಯು ಆರ್ ಆಸ್ಕಿಂಗ್. ಇಂಟರ್‌ವ್ಯೂದಾಗ ಕೇಳ್ತಾರಲ್ರಿ, ಹಂಗ ಕೇಳ್ರಿ. ಹೇಳಿದ್ದು ಮಾಡಬೇಕ್ರಿ ಸರ್, ನಿಮ್ದ ನಿಯಮ.”

ಗುಡಿಸುವ ಸದ್ದು ನಿಂತಿತು. ಎಲ್ಲರೂ ಸರ್ ಕಡೆ ನೋಡಿದರು. ಈಗ ನಿಯಮ ಮುರಿದರೆ ನಾಳೆ ಕಸಬರಿಗೆ ಹಿಡಿಯುವವರು ಯಾರು? ಸರ್ ಗಂಟಲು ಸರಿಮಾಡಿಕೊಂಡರು.

“ವಾಟ್ ಆರ್ ಯು ಡೂಯಿಂಗ್?”

“ಐ ಆಮ್ ಆನ್ಸರಿಂಗ್. ಮುಂದ?”

ಸರ್ ಫ್ಯಾನ್ ನೋಡಿದರು, ಗೋಡೆ ನೋಡಿದರು. “ವಾಟ್ ಈಸ್ ಗೋದಾವರಿ ಡೂಯಿಂಗ್?”

“ದವಾಖಾನಿಯವ್ರು ಗೋದಾವರಿ ಬಗ್ಗೆ ಯಾಕ ಕೇಳ್ತಾರ್ರಿ? ನನ್ನ ಬಗ್ಗೆ ಕೇಳ್ರಿ. ಎಲ್ಲಿ ಕಲ್ತಿ, ಏನ್ ಓದೀದಿ, ಅಂಥಾವು ಇಂಗ್ಲಿಷ್‌ನ್ಯಾಗ ಕೇಳ್ರಿ.”

ಸರ್ ಹಣೆಯ ಬೆವರು ಒರೆಸಿಕೊಂಡರು. ಆಮೇಲೆ ಉಳಿದವರಿಗೆ ಕೇಳಿಸದಂತೆ ಮುಂದಕ್ಕೆ ಬಾಗಿ ಹೇಳಿದರು:

“ನನಗೂ ಇಂಗ್ಲಿಷ್ ಇಷ್ಟೇ ಬರ್ತೈತವ್ವಾ.”