ಕಾಫಿ ಗೋಡೌನಿನಲ್ಲಿ ಐಸು

ಬಾಳೂರಿನ ಸುತ್ತಮುತ್ತ ಕಾಫಿ ಗೋಡೌನಿನೊಳಗೆ ಐಸು ಹಾಸಿದವನು ರಂಗನಾಥ ಒಬ್ಬನೇ. ಊರಿಗೊಂದು ದಾರಿಯಾದರೆ ಇವನಿಗೊಂದು ದಾರಿ ಎಂದು ಜನ ಆಡಿಕೊಂಡರು. ಆಡಿಕೊಳ್ಳುವವರಿಗೇನು ಕಷ್ಟ, ಅವರ ಮನೆಯ ಹುಡುಗಿಯೇನು ಐಸ್ ಹಾಕಿ ಆಟದ ತಂಡದ ಆಯ್ಕೆಗೆ ಹೊರಟು ನಿಂತಿರಲಿಲ್ಲವಲ್ಲ.

ಐಸು ಅಂದರೆ ನಿಜವಾದ ಐಸಲ್ಲ, ಬಿಳಿ ಪ್ಲಾಸ್ಟಿಕ್ಕಿನ ದಪ್ಪ ಹಲಗೆಗಳು. ಒಂದರ ಹಲ್ಲಿಗೆ ಇನ್ನೊಂದರ ಹಲ್ಲು ಕಚ್ಚಿಸಿ ಜೋಡಿಸಿದರೆ ನೆಲವಾಗುತ್ತದೆ. ಉಕ್ಕಿನ ಬ್ಲೇಡಿನ ಸ್ಕೇಟ್ಸ್ ಕಟ್ಟಿಕೊಂಡು ಅದರ ಮೇಲೆ ಜಾರಬಹುದು. ಕರೆಂಟೂ ಬೇಡ, ನೀರೂ ಬೇಡ. ಬೆಂಗಳೂರಿನ ಯಾವುದೋ ಮಾಲಿನಲ್ಲಿ ಮಕ್ಕಳ ಆಟಕ್ಕೆಂದು ಹಾಸಿದ್ದನ್ನು ಕಿತ್ತಾಗ, ಮಗಳು ಧನ್ಯಾಳ ಕೋಚ್ ದಿಲೀಪ್ ಹೇಳಿ ಕೊಡಿಸಿದ್ದ. ಲಾರಿಯಿಂದ ಇಳಿಸುವಾಗ ಮೇಸ್ತ್ರಿ ಮಲ್ಲೇಶ್ ಒಂದು ಹಲಗೆಯನ್ನು ಬೆರಳಲ್ಲಿ ತಟ್ಟಿ ನೋಡಿ, "ಜಾರೂಕೆ ಇದೆಲ್ಲ ಎಂತಕ್ಕೆ ಗೌಡ್ರೆ? ಮಳೆಗಾಲದಲ್ಲಿ ನಮ್ಮ ಕೂಲಿ ಲೈನಿನ ಅಂಗಳಕ್ಕೆ ಬಂದಿದ್ರೆ ಪುಕ್ಸಟ್ಟೆ ಜಾರ್ಬೋದಿತ್ತಲ್ಲ" ಎಂದಿದ್ದ.

ಧನ್ಯಾ ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿದ್ದಾಗ ಚಕ್ರದ ಸ್ಕೇಟ್ಸ್ ಮೇಲೆ ಹಾಕಿ ಆಟ ಕಲಿತವಳು. ಈಗ ಹದಿನೆಂಟರೊಳಗಿನ ಹುಡುಗಿಯರ ರಾಜ್ಯ ತಂಡದ ಆಯ್ಕೆ ಉತ್ತರ ಭಾರತದ ಒಂದು ಊರಿನಲ್ಲಿ, ನಿಜವಾದ ಐಸಿನ ಮೇಲೆ. ಸೋಮವಾರ ಹೊರಡಬೇಕು. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಇದೇ ಕೊನೆಯ ಅವಕಾಶ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ತೊಂದರೆ ಇದ್ದದ್ದು ನಿಲ್ಲುವುದರಲ್ಲಿ. ಓಡುವುದನ್ನು ಯಾರು ಬೇಕಾದರೂ ಓಡಿಯಾರು. ಜೋರಾಗಿ ಬಂದವಳು ಎರಡೂ ಪಾದಗಳನ್ನು ಒಮ್ಮೆಗೇ ಅಡ್ಡ ತಿರುಗಿಸಿ, ಬ್ಲೇಡಿನಲ್ಲಿ ನೆಲ ಕೆರೆದು ಗಕ್ಕನೆ ನಿಲ್ಲಬೇಕು. ಐಸಾದರೆ ತುರಿದ ಕಾಯಿಯ ಹಾಗೆ ಪುಡಿ ಹಾರುತ್ತದೆ. ಪ್ಲಾಸ್ಟಿಕ್ಕು ಹಾಗಲ್ಲ, ಬ್ಲೇಡನ್ನು ಹಿಡಿದುಕೊಂಡುಬಿಡುತ್ತದೆ. ಬಲಕ್ಕೆ ತಿರುಗಿದರೆ ಧನ್ಯಾ ಚೆನ್ನಾಗಿ ನಿಲ್ಲುತ್ತಿದ್ದಳು, ಎಡಕ್ಕೆ ತಿರುಗಿದರೆ ಮುಗ್ಗರಿಸುತ್ತಿದ್ದಳು. ದಿಲೀಪ್ ಫೋನಿನಲ್ಲಿ ಧೈರ್ಯ ಹೇಳಿದ್ದ: "ಇದ್ರ ಮೇಲೆ ನಿಂತ್ರೆ ಐಸ್ ಮೇಲೆ ನಿಂತೇ ನಿಲ್ತಾಳೆ ಸರ್. ಕೈಕಾಲು ಮುರ್ಕೊಳ್ದೆ ಇರೋ ಹಾಗೆ ನೋಡ್ಕೊಳ್ಳಿ, ಅಷ್ಟೇ." ಮೊದಲಿನ ಮಾತು ರಂಗನಾಥನ ಕಿವಿಗೆ ಹೋಗಲೇ ಇಲ್ಲ. ಕೊನೆಯದು ಹೋಗಿ ಒಳಗೇ ಕೂತಿತು. ಅಂದಿನಿಂದ ಮಗಳು ಮೆಟ್ಟಿಲಿಳಿದರೂ ಅವನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು.

ಹೆದರಿಕೆಗೆ ಇನ್ನೂ ಒಂದು ಕಾರಣವಿತ್ತು. ಗೋಡೌನಿನ ದೊಡ್ಡ ಬಾಗಿಲು ಕಾಫಿ ಒಣಗಿಸುವ ಕಣಕ್ಕೇ ತೆರೆಯುತ್ತದೆ. ಕಣಕ್ಕೆ ಚಪ್ಪಲಿ ಮೆಟ್ಟಿ ಕಾಲಿಡುವ ಪದ್ಧತಿ ಆ ತೋಟದಲ್ಲಿ ಇಲ್ಲ. ಕಾಫಿ ಲಕ್ಷ್ಮಿ, ಅದನ್ನು ಮೆಟ್ಟಿನಲ್ಲಿ ತುಳಿಯಬಾರದು. ಹಾಗಾಗಿ ಕುಯಿಲಿನ ಕಾಲದಲ್ಲಿ ಅಲ್ಲಿ ಓಡಾಡುವವರೆಲ್ಲ ಬರಿಗಾಲಿನವರು. ಬರಿಗಾಲಿಗೂ ಆ ಬ್ಲೇಡಿಗೂ ಭೇಟಿಯಾದರೆ ಏನಾದೀತು ಎಂದು ಯಾರೂ ವಿವರಿಸಬೇಕಾಗಿರಲಿಲ್ಲ. ಕಳಸದ ಹೈಸ್ಕೂಲಿನಲ್ಲಿ ಟೀಚರಾಗಿರುವ ಹೆಂಡತಿ ದೀಪಶ್ರೀ ಒಂದು ಕಟ್ಟುನಿಟ್ಟು ಮಾಡಿದ್ದಳು: ಧನ್ಯಾ ಒಳಗಿದ್ದಷ್ಟು ಹೊತ್ತು ದೊಡ್ಡ ಬಾಗಿಲಿಗೆ ಹೊರಗಿನಿಂದ ಚಿಲಕ, ಚೀಲಗಳೇನಿದ್ದರೂ ಹಿಂಬಾಗಿಲಿಂದ. "ಚಿಲಕಕ್ಕೆ ನೀವೇ ಜವಾಬ್ದಾರರು. ಮಲ್ಲೇಶಂಗೆ ಹೇಳಿದ್ದೆ, ಇನ್ನೊಬ್ಬರಿಗೆ ಹೇಳಿದ್ದೆ ಅಂತ ಆಮೇಲೆ ಹೇಳ್ಬೇಡಿ" ಎಂದಿದ್ದಳು.

ಶುಕ್ರವಾರ ಮಧ್ಯಾಹ್ನ ರಂಗನಾಥ ತಾನೇ ಚಿಲಕ ಹಾಕಿದ. ಹಾಕಿದ್ದನ್ನು ಎಳೆದು ನೋಡಿದ. ಒಳಗೆ ಬ್ಲೇಡಿನ ಗರಗರ ಸದ್ದು, ಮಧ್ಯೆ ದೊಪ್ ಎಂದು ಬಿದ್ದ ಸದ್ದು.

"ಪುಟ್ಟಿ!"

"ಏನಿಲ್ಲ ಅಪ್ಪ, ಎಡಕ್ಕೆ ನೋಡ್ತಿದ್ದೆ."

"ಇವತ್ತಿಗೆ ಸಾಕು ಮಾರಾಯ್ತಿ."

"ಇನ್ನು ಸ್ವಲ್ಪ ಹೊತ್ತು."

ಆ ಸ್ವಲ್ಪ ಹೊತ್ತು ಅವನು ಕಣದಲ್ಲಿ ಶತಪಥ ಹಾಕಿದ. ಕಣದ ತುಂಬ ಪಲ್ಪಿಂಗ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ಸುಲಿಸಿ, ತೊಳೆದ ಪಾರ್ಚ್‌ಮೆಂಟ್ ಕಾಫಿ ಬೀಜ ಹರಡಿತ್ತು. ಅರ್ಧ ಒಣಗಿತ್ತು. ಈ ಹಂತದಲ್ಲಿ ನೆನೆದರೆ ಮುಗಿಯಿತು, ಮುಗ್ಗಲು ಹಿಡಿದು ವಾಸನೆ ಬರುತ್ತದೆ, ವರ್ಷದ ದುಡಿಮೆ ನೀರುಪಾಲು. ಜನವರಿಯಲ್ಲಿ ಮಳೆ ಬರಬಾರದು. ಆದರೆ ಈಚೆಗೆ ಮಳೆಗೆ ಪಂಚಾಂಗ ತೋರಿಸುವವರು ಯಾರು? ಬೆಟ್ಟದ ಹಿಂದೆ ಮೋಡ ಕಪ್ಪಾಗಿತ್ತು. ರಂಗನಾಥ ಮೋಡ ನೋಡಿದ, ಬಾಗಿಲು ನೋಡಿದ, ಮತ್ತೆ ಮೋಡ ನೋಡಿದ. ಹೊರಗೊಂದು ಭಯ, ಒಳಗೊಂದು ಭಯ. ಒಬ್ಬ ಮನುಷ್ಯನಿಗೆ ಇರುವುದು ಒಂದೇ ಕುತ್ತಿಗೆ, ಎಷ್ಟು ಕಡೆ ತಿರುಗಿಸಿಯಾನು?

ಆ ಕಣದ ಇಳಿಜಾರು ಸರಿಯಿಲ್ಲ, ಟಾರ್ಪಲ್ ಹೊದಿಸಿದರೂ ಅಡಿಯಿಂದ ನೀರು ನುಗ್ಗುತ್ತದೆ. ಅದಕ್ಕೇ ಅವನ ಅಜ್ಜನ ಕಾಲದಿಂದ ಒಂದು ರಿವಾಜು. ಮೊದಲ ಹನಿ ಬಿದ್ದೊಡನೆ ಯಜಮಾನ ಕೂಗಬೇಕು. ಕೂಗಿದರೆ ಊಟಕ್ಕೆ ಕೂತವರೂ ತಟ್ಟೆ ಬಿಟ್ಟು ಏಳಬೇಕು, ಕಾಫಿಯನ್ನು ಬುಟ್ಟಿಗೆ ತುಂಬಿ ಗೋಡೌನಿಗೆ ಓಡಬೇಕು. ಬಾಗಿಲು ತೆಗೆಯುವುದು ಯಜಮಾನನ ಕೆಲಸ. ರಂಗನಾಥ ಮೀಸೆ ಬರುವ ಮೊದಲೇ ಈ ಕೂಗು ಕಲಿತವನು.

ಹನಿ ಬಿತ್ತು. ದಪ್ಪನೆಯ ಹನಿ, ಸರಿಯಾಗಿ ಅವನ ಮೂಗಿನ ಮೇಲೆ.

"ಮಳೆ! ಮಳೆ ಬಂತು! ಒಳಗ್ ಹಾಕ್ರೋ!"

ಲೈನಿನಿಂದ, ತೋಟದಿಂದ, ಒಲೆಯ ಮುಂದಿನಿಂದ ಜನ ಓಡಿಬಂದರು. ರಂಗನಾಥನ ಕಾಲು ಬಾಗಿಲಿಗೆ ಓಡಿತು, ಕೈ ಚಿಲಕ ಎಳೆಯಿತು, ಭುಜ ಬಾಗಿಲನ್ನು ನೂಕಿತು. ಮೂವತ್ತು ವರ್ಷ ಮಾಡಿದ ಕೆಲಸಕ್ಕೆ ತಲೆ ಬೇಕಾಗುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಮೊದಲ ಬುಟ್ಟಿ ಕೃಷ್ಣಮ್ಮನದು. ಧನ್ಯಾಳನ್ನು ಎತ್ತಿ ಆಡಿಸಿದ ಹೆಂಗಸು, ತಲೆಯ ಮೇಲೆ ಬುಟ್ಟಿಯಿದ್ದರೆ ಈಗಲೂ ಹರೆಯದವರಿಗಿಂತ ಮುಂದೆ. ಒದ್ದೆ ಪಾದ ಪ್ಲಾಸ್ಟಿಕ್ಕಿನ ಮೇಲೆ ಬಿದ್ದೊಡನೆ ಜಾರಿ ಅಂಗಾತ ಬಿದ್ದಳು. ಬುಟ್ಟಿ ಉರುಳಿ ಕಾಫಿ ನೆಲದ ತುಂಬ ಚೆಲ್ಲಿತು. ಗೋಡೌನಿನ ಆ ತುದಿಯಿಂದ ಧನ್ಯಾ ಪೂರ್ತಿ ವೇಗದಲ್ಲಿ ಇತ್ತಲೇ ಬರುತ್ತಿದ್ದಳು.

ಆಗ ರಂಗನಾಥನಿಗೆ ನೆನಪಾಯಿತು.

ಕೂಗುವಷ್ಟು ಹೊತ್ತೂ ಉಳಿದಿರಲಿಲ್ಲ. ಕೃಷ್ಣಮ್ಮನ ಬರಿಗಾಲು ಮಗಳ ದಾರಿಗೆ ಅಡ್ಡ ಚಾಚಿತ್ತು. ಧನ್ಯಾ ಪಾದ ತಿರುಗಿಸಿದಳು. ಬ್ಲೇಡಿನಡಿ ಕಾಫಿ ಬೀಜ ಸಿಕ್ಕಿ ಪಾದ ನಿಲ್ಲದೆ ಮುಂದಕ್ಕೇ ಹೋಯಿತು. ಮರುಗಳಿಗೆ ಅವಳು ಮೈಯನ್ನೇ ಪಕ್ಕಕ್ಕೆ ಎಸೆದುಕೊಂಡಳು. ಬಾಗಿಲಿನ ಕಲ್ಲುಕಂಬಕ್ಕೆ ಭುಜ ಬಡಿದ ಸದ್ದು ಮಳೆಯ ಸದ್ದಿನಲ್ಲೂ ಕೇಳಿತು.

ಕೃಷ್ಣಮ್ಮ ತನ್ನ ಕಾಲನ್ನು ಎರಡೂ ಕೈಯಿಂದ ಸವರಿ ನೋಡಿಕೊಂಡಳು. ಕಾಲು ಕಾಲಾಗಿಯೇ ಇತ್ತು. ಆಮೇಲೆ, "ಅಯ್ಯೋ ನನ್ನ ಪುಟ್ಟಮ್ಮ" ಎಂದು ಅಳುತ್ತ ತೆವಳಿಕೊಂಡು ಹುಡುಗಿಯ ಹತ್ತಿರ ಹೋದಳು.

ಧನ್ಯಾಳ ಮುಖ ಬಿಳಿಚಿತ್ತು. "ಒಳಗೆ ಟಕ್ ಅಂತು ಅಪ್ಪ" ಎಂದಳು. ಎಡಗೈ ಎತ್ತಲು ಆಗಲಿಲ್ಲ. ಕತ್ತಿನ ಪಕ್ಕದ ಮೂಳೆ ಚರ್ಮದಡಿಯಲ್ಲಿ ಉಬ್ಬಿ ನಿಂತಿತ್ತು. ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದವರನ್ನು ರಂಗನಾಥ ಕಂಡಿದ್ದ. ಡಾಕ್ಟರು ಹೇಳುವ ಮೊದಲೇ ಅವನಿಗೆ ಗೊತ್ತಾಯಿತು, ಇನ್ನು ಸೋಮವಾರವಿಲ್ಲ.

ಸ್ಕೇಟ್ಸ್ ಬಿಚ್ಚಿ, ಟವೆಲಿನಲ್ಲಿ ಕೈ ಕಟ್ಟಿ, ಅವಳನ್ನು ಜೀಪಿನ ಮುಂದಿನ ಸೀಟಿಗೆ ಕೂರಿಸಿದರು. ಹಿಂದಿನಿಂದ ಕೃಷ್ಣಮ್ಮ ಅವಳ ಬೆನ್ನಿಗೆ ಕೈ ಆನಿಸಿ ಹಿಡಿದುಕೊಂಡಳು. ಮಳೆ ಬಿರುಸಾಯಿತು. ಜನ ಬುಟ್ಟಿ ಕೆಳಗಿಟ್ಟು ಸುಮ್ಮನೆ ನಿಂತಿದ್ದರು. ಯಜಮಾನ ಕೂಗಿದರೆ ಎತ್ತುತ್ತಿದ್ದರು, ಅವನು ಕೂಗಲಿಲ್ಲ. ಸ್ಟಿಯರಿಂಗ್ ಹಿಡಿದ ರಂಗನಾಥನ ಕಣ್ಣು ಮಾತ್ರ ಕಣದ ಕಡೆ ಹೋಯಿತು. ಪಾರ್ಚ್‌ಮೆಂಟಿನ ಮೇಲೆ ನೀರು ಹರಿಯುತ್ತಿತ್ತು. ಹೋಗಬಾರದ ಕಣ್ಣು ಹೋಯಿತು, ಹೋಗಿದ್ದು ಅಲ್ಲೇ ನಿಂತಿತು.

"ಅಪ್ಪ, ಕಾಫಿ ಒಳಗೆ ಹಾಕಿಸಿ ಬನ್ನಿ. ನಾನು ಕೂತಿರ್ತೀನಿ" ಎಂದಳು ಧನ್ಯಾ.

"ಕಾಫಿ ಎಂತಕ್ಕೆ ಈಗ? ಹಾಳಾಗಿ ಹೋಗ್ಲಿ."

"ನೀವು ಅದನ್ನೇ ನೋಡ್ತಿದ್ರಿ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ತನ್ನ ಬಗ್ಗೆಯೇ ಅವನಿಗೆ ಅಸಹ್ಯವಾಯಿತು.

"ತಪ್ಪಾಯ್ತು ಪುಟ್ಟಿ. ಚಿಲಕ ತೆಗ್ದವನು ನಾನೇ. ನೀನು ಒಳಗಿದ್ದೀಯ ಅಂತ ನಂಗೆ ನೆನಪೇ ಬರ್ಲಿಲ್ಲ."

ಧನ್ಯಾಳ ಕೈ ನೋಯುತ್ತಿತ್ತು, ತುಟಿ ಕಚ್ಚಿಕೊಂಡಿದ್ದಳು. ಆಮೇಲೆ ಅಪ್ಪನ ಮುಖ ನೋಡಿದಳು. ಏನು ಕಂಡಿತೋ, ಅತ್ತು ರಂಪ ಮಾಡಬೇಕಾಗಿದ್ದ ಹುಡುಗಿ ಅವನನ್ನೇ ಸಮಾಧಾನ ಮಾಡಲು ಹೊರಟಳು.

"ಹೋಗ್ಲಿ ಬಿಡಿ ಅಪ್ಪ. ಮುಂದಿನ ವರ್ಷ ಹೋದ್ರಾಯ್ತು."

"ಹೂಂ, ಮುಂದಿನ ವರ್ಷ ಹೋಗೋಣ" ಎಂದು ರಂಗನಾಥ, ವಯಸ್ಸಿನ ಲೆಕ್ಕ ಎತ್ತದೆ, ಜೀಪಿಗೆ ಗೇರು ಹಾಕಿದ.